ಲೆಕ್ಕವನ್ನು ಗಟ್ಟಿಯಾಗಿ ಓದೋಣ

(ಡಿಸೆಂಬರ್ 9ರಂದು ಆಡಿದ ಮಾತಿನ ಬರಹ ರೂಪ ಇದು. ಮಾತಿನ ಭರದಲ್ಲಿ ಒಂದನ್ನೇ ಎರಡೆರಡು ಸಲ ಹೇಳಿದ ಕಡೆ ಕತ್ತರಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಡಿಸೆಂಬರ್ 9, ಭ್ರಷ್ಟಾಚಾರ ವಿರೋಧಿ ದಿನ. ನಾಳೆ 10, ಮಾನವ ಹಕ್ಕುಗಳ ದಿನ. ಕ್ಯಾಲೆಂಡರಿನಲ್ಲಿ ಎರಡೂ ಅಕ್ಕಪಕ್ಕದ ಮನೆ. ಆದರೆ ಇವತ್ತಿನ ಸಭೆಗೆ ಬರುವವರೇ ಬೇರೆ, ನಾಳೆಯ ಸಭೆಗೆ ಬರುವವರೇ ಬೇರೆ. ಇವತ್ತು ಲಂಚ, ಟೆಂಡರ್, ಲೋಕಾಯುಕ್ತ ಅಂತ ಮಾತಾಡುತ್ತೇವೆ. ನಾಳೆ ಜೀತ, ಜಾತಿ ದೌರ್ಜನ್ಯ, ಪೊಲೀಸ್ ಠಾಣೆ ಅಂತ ಮಾತಾಡುತ್ತೇವೆ. ನಾನು ಈ ಎರಡು ಮನೆಗಳ ನಡುವಿನ ಗೋಡೆ ಒಡೆಯಬೇಕು ಅಂತ ಬಂದಿದ್ದೇನೆ. ಕೂಲಿ ಮಾಡುವವರ ಮನೆ ಬಾಗಿಲಲ್ಲಿ ನಿಂತು ನೋಡಿದರೆ ಅಲ್ಲಿ ಗೋಡೆಯೇ ಕಾಣುವುದಿಲ್ಲ.

ಇದನ್ನು ನನಗೆ ಕಲಿಸಿದ್ದು ಒಬ್ಬ ಅವ್ವ.

ಉದ್ಯೋಗ ಖಾತ್ರಿ ಶುರುವಾಗಿ ಎರಡು ವರ್ಷ ಆಗಿತ್ತು. ಆಗ ಎಷ್ಟೋ ಕಡೆ ಕೂಲಿಯನ್ನು ಇನ್ನೂ ಕೈಯಲ್ಲೇ ಕೊಡುತ್ತಿದ್ದರು. ಉತ್ತರ ಕರ್ನಾಟಕದ ಒಂದು ಹಳ್ಳಿಗೆ ಲೆಕ್ಕ ಪರಿಶೀಲನೆಗೆ ಹೋದ ತಂಡದಲ್ಲಿ ನಾನೂ ಇದ್ದೆ. ಊರಿನ ಹೆಸರು ಹೇಳುವುದಿಲ್ಲ. ಆ ಜನ ಇನ್ನೂ ಅಲ್ಲೇ ಬದುಕಬೇಕಲ್ವಾ? ಗುಡಿ ಮುಂದಿನ ಕಟ್ಟೆಯ ಮೇಲೆ ಕೂತು ಎನ್‌ಎಂಆರ್ ಓದುತ್ತಿದ್ದೆವು. ಎನ್‌ಎಂಆರ್ ಅಂದರೆ ಕೆಲಸದ ಹಾಜರಿ ಪಟ್ಟಿ. ಯಾರು, ಯಾವ ಕೆಲಸಕ್ಕೆ, ಎಷ್ಟು ದಿನ ಬಂದರು, ಎಷ್ಟು ಕೂಲಿ ಪಡೆದರು, ಪಕ್ಕದಲ್ಲಿ ಸಹಿ ಅಥವಾ ಹೆಬ್ಬೆಟ್ಟು.

ಮೊದಲ ಅರ್ಧ ಗಂಟೆ ಯಾರೂ ಬಾಯಿ ಬಿಡಲಿಲ್ಲ. ಪಂಚಾಯ್ತಿಯವರು ಕುರ್ಚಿ ಹಾಕಿಕೊಂಡು ಎದುರಿಗೇ ಕೂತಿದ್ದರು. ಹೆಂಗಸರು ಸೆರಗು ಎಳೆದುಕೊಂಡು ನೆಲ ನೋಡುತ್ತಿದ್ದರು. ನಾನು ಹೆಸರು ಓದುತ್ತಾ ಹೋದೆ. ಒಂದು ಹೆಸರಿಗೆ ಹಿಂದಿನಿಂದ ಒಬ್ಬ ಹುಡುಗ, "ಅಂವ ಬೆಂಗಳೂರಿಗೆ ಗುಳೆ ಹೋಗಿ ಎರಡ ವರ್ಷ ಆತ್ರಿ" ಅಂದ. ಜನ ನಕ್ಕರು. ಇನ್ನೊಂದು ಹೆಸರಿಗೆ ಯಾರೋ ಮೆಲ್ಲಗೆ, "ಅವರು ತೀರಿಕೊಂಡಾರ" ಅಂದರು. ಆಗ ಯಾರೂ ನಗಲಿಲ್ಲ. ನೆಲ ನೋಡುತ್ತಿದ್ದವರು ತಲೆ ಎತ್ತಿದರು.

ಆಮೇಲೆ ಆ ಅವ್ವನ ಹೆಸರು ಬಂತು. ಕೆರೆ ಹೂಳೆತ್ತುವ ಕೆಲಸ, ಹನ್ನೆರಡು ದಿನ, ಪೂರ್ತಿ ಕೂಲಿ ಪಾವತಿ, ಹೆಬ್ಬೆಟ್ಟು. ಅವರು ಎದ್ದು ಬಂದು, "ತಮ್ಮಾ, ಆ ಹಾಳಿ ಇತ್ತ ಕೊಡು" ಅಂದರು. ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಹನ್ನೆರಡು ದಿನ ಮಣ್ಣು ಹೊತ್ತದ್ದು ಖರೆ. ರೊಕ್ಕ ಬಂದದ್ದು ಆರು ದಿನದ್ದು. ಮತ್ತ ಈ ಹೆಬ್ಬೆಟ್ಟು ನಂದಲ್ಲ. ನಾ ಸಹಿ ಮಾಡತೀನಿ" ಅಂದರು. ನನ್ನ ಪೆನ್ನು ಇಸಕೊಂಡು, ನನ್ನ ನೋಟ್‌ಬುಕ್ಕಿನಲ್ಲಿ, ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಹೆಸರು ಬರೆದರು. ಇಡೀ ಊರು ಕುತ್ತಿಗೆ ಉದ್ದ ಮಾಡಿ ನೋಡುತ್ತಿತ್ತು. ಸಾಕ್ಷರತಾ ಆಂದೋಲನದ ರಾತ್ರಿ ಶಾಲೆಯಲ್ಲಿ ಕಲಿತದ್ದಂತೆ. ಈ ವಯಸ್ಸಿನಲ್ಲಿ ನಿನಗೆ ಅಕ್ಷರ ಯಾಕೆ ಅಂತ ಮಕ್ಕಳು ರೇಗಿಸುತ್ತಿದ್ದರಂತೆ.

ಆ ಹಾಳೆ ನನ್ನನ್ನು ತುಂಬಾ ದಿನ ಬಿಡಲಿಲ್ಲ. ಅದರಲ್ಲಿ ಆರು ದಿನದ ಕೂಲಿ ಹೋಗಿದೆ, ಅದು ಸರಿ. ಆದರೆ ಹೆಬ್ಬೆಟ್ಟು ಒತ್ತಿದವರು ಒಂದು ಅಂದಾಜು ಮಾಡಿದ್ದರು. ಇವಳು ಹೆಂಗಸು, ಕೂಲಿಯವಳು, ಊರಾಚೆಯ ಕೇರಿಯವಳು. ಇವಳಿಗೆ ಓದು ಎಲ್ಲಿಂದ ಬರಬೇಕು? ಕೇಳುವ ಧೈರ್ಯ ಎಲ್ಲಿಂದ ಬರಬೇಕು? ಆ ಅಂದಾಜಿನ ಮೇಲೆ ಕಳ್ಳತನ ನಿಂತಿತ್ತು. ಅದೇ ಪಟ್ಟಿಯಲ್ಲಿ ಊರಿನ ದೊಡ್ಡ ಮನೆಯವರ ಹೊಲದ ಬದು ಹಾಕಿದ ಲೆಕ್ಕವೂ ಇತ್ತು. ಅದರಲ್ಲಿ ಒಂದು ರೂಪಾಯಿ ಆಚೀಚೆ ಆಗಿರಲಿಲ್ಲ.

ಇವತ್ತು ನಾನು ಹೇಳಬೇಕಾದ್ದು ಮುಖ್ಯವಾಗಿ ಇಷ್ಟೇ. ಭ್ರಷ್ಟಾಚಾರ ಎಲ್ಲರ ಜೇಬಿಗೂ ಒಂದೇ ಸಮ ಕೈ ಹಾಕುವುದಿಲ್ಲ. ಕೇಳಲಾರದವರು ಯಾರು ಅಂತ ಹುಡುಕಿಕೊಂಡು ಹೋಗುತ್ತದೆ. ವಿಧವೆಯ ಪಿಂಚಣಿ, ಅಂಗವಿಕಲರ ಭತ್ಯೆ, ಅಂಗನವಾಡಿ ಮಕ್ಕಳ ಊಟ, ಹಾಸ್ಟೆಲ್ ಹುಡುಗರ ಹಾಸಿಗೆ, ಪಡಿತರದ ಅಕ್ಕಿ. ಸೋರಿಕೆ ಅಂತ ಪೇಪರಿನಲ್ಲಿ ಬರೆಯುತ್ತಾರೆ. ಸೋರುವ ಮಡಕೆಗೆ ತೂತು ತಾನಾಗಿ ಬೀಳುತ್ತದೆ. ಇಲ್ಲಿ ತೂತು ಎಲ್ಲಿ ಕೊರೆಯಬೇಕು ಅಂತ ಆರಿಸಿ ಕೊರೆದಿರುತ್ತಾರೆ. ಆ ಆಯ್ಕೆಯ ಹಿಂದೆ ಜಾತಿ ಇದೆ, ಬಡತನ ಇದೆ, ಹೆಣ್ಣು ಅನ್ನುವುದಿದೆ. ಹಾಗಾಗಿ ಇದು ಹಕ್ಕಿನ ಪ್ರಶ್ನೆ.

ಹಾಗಾದರೆ ಮದ್ದು ಏನು? ಕೇಳಲಾರದವರು ಅಂತ ಯಾರನ್ನು ಅಂದುಕೊಂಡಿದ್ದಾರೋ ಅವರೇ, ಎಲ್ಲರೂ ಸೇರಿ, ಎಲ್ಲರ ಎದುರಿಗೇ ಕೇಳಬೇಕು. ಕೇಳಲು ಕೈಯಲ್ಲಿ ಕಾಗದ ಬೇಕು. ಆ ಕಾಗದವನ್ನು ಗಟ್ಟಿಯಾಗಿ ಓದಬೇಕು.

ಈ ದಾರಿ ತೋರಿಸಿದ್ದು ರಾಜಸ್ಥಾನದ ಕೂಲಿಕಾರರು. ಅರುಣಾ ರಾಯ್ 1975ರಲ್ಲಿ ಐಎಎಸ್ ಕೆಲಸ ಬಿಟ್ಟವರು. ಅವರು, ನಿಖಿಲ್ ಡೇ, ಶಂಕರ್ ಸಿಂಗ್ ಮತ್ತು ಶಂಕರ್ ಅವರ ಕುಟುಂಬ 1987ರಲ್ಲಿ ದೇವಡುಂಗ್ರಿ ಅನ್ನುವ ಸಣ್ಣ ಹಳ್ಳಿಯಲ್ಲಿ ಒಂದು ಮಣ್ಣಿನ ಮನೆಯಲ್ಲಿ ನೆಲೆ ನಿಂತರು. 1990ರ ಮೇ 1ರಂದು ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಅನ್ನುವ ಕೂಲಿಕಾರರ, ರೈತರ ಸಂಘಟನೆ ಹುಟ್ಟಿತು. ಬರಗಾಲದ ನಾಡು ಅದು. ಸರ್ಕಾರದ ಬರ ಪರಿಹಾರದ ಕಾಮಗಾರಿಯೇ ಜನರಿಗೆ ಹೊಟ್ಟೆಪಾಡು. ಕನಿಷ್ಠ ಕೂಲಿ ಕೊಡಿ ಅಂತ ಕೇಳಿದರೆ, ನೀವು ಅಷ್ಟು ಕೆಲಸ ಮಾಡಿಲ್ಲ, ಎಂಜಿನಿಯರ್ ಬರೆಯುವ ಅಳತೆ ಪುಸ್ತಕದಲ್ಲಿ ಕಡಿಮೆ ಇದೆ ಅನ್ನುವ ಉತ್ತರ. ಹಾಗಾದರೆ ಆ ಪುಸ್ತಕ ತೋರಿಸಿ ಅಂದರೆ, ಅದು ಸರ್ಕಾರಿ ಗುಟ್ಟು! ಗುಟ್ಟಿಗೆ ಆಧಾರ 1923ರಲ್ಲಿ ಬ್ರಿಟಿಷರು ಮಾಡಿದ ಕಾನೂನು. ಕಲ್ಲು ಹೊತ್ತವರಿಂದ ಕಲ್ಲಿನ ಲೆಕ್ಕವನ್ನು ಮುಚ್ಚಿಡಲು ದೇಶದ ರಹಸ್ಯ ಕಾಯುವ ಕಾನೂನು.

1994ರ ಡಿಸೆಂಬರಿನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾ ಎಂಬಲ್ಲಿ ಮೊದಲ ಜನ ಸುನವಾಯಿ ಆಯಿತು. ನಮ್ಮ ಮಾತಿನಲ್ಲಿ ಜನರ ಅಹವಾಲು ಸಭೆ ಅನ್ನಬಹುದು. ಆದರೆ ನಮ್ಮ ಅಹವಾಲು ಸಭೆಗಳಲ್ಲಿ ಅರ್ಜಿ ಕೊಟ್ಟು ಕೈ ಮುಗಿದು ಬರುತ್ತೇವೆ. ಅಲ್ಲಿ ಸಿಕ್ಕ ದಾಖಲೆಗಳನ್ನು ಜನರ ಮುಂದೆ ಓದಿದರು. ಬಿಲ್ಲು ಓದುತ್ತಾರೆ, ಜನ ಎದ್ದು ನಿಂತು ಹೌದು ಅಥವಾ ಸುಳ್ಳು ಅನ್ನುತ್ತಾರೆ. ಕೆಲಸ ಮುಗಿದಿದೆ ಅಂತ ಕಾಗದ ಹೇಳುವ ಕಟ್ಟಡ ಎದುರಿಗೇ ನಿಂತಿರುತ್ತದೆ, ಚಾವಣಿ ಇಲ್ಲದೆ. ಇದಕ್ಕೆ ಆಡಿಟರ್ ಬೇಕಾ? ದಿನಾ ಅದೇ ದಾರಿಯಲ್ಲಿ ಕುರಿ ಹೊಡೆದುಕೊಂಡು ಹೋಗುವವನಿಗಿಂತ ದೊಡ್ಡ ಸಾಕ್ಷಿ ಯಾರು?

ಈ ಸಭೆಗಳಿಗೆ ಬಂದ ಪ್ರತಿಕ್ರಿಯೆಯನ್ನೂ ಹೇಳಬೇಕು. ಗ್ರಾಮ ಸೇವಕರು, ಅಂದರೆ ಪಂಚಾಯ್ತಿ ಮಟ್ಟದ ಸರ್ಕಾರಿ ನೌಕರರು, ಹೊರಗಿನವರಿಗೆ ದಾಖಲೆ ತೋರಿಸುವುದಿಲ್ಲ ಅಂತ ಮುಷ್ಕರ ಹೂಡಿದರು. ಒಂದು ಹಾಜರಿ ಪಟ್ಟಿಗೆ ಎಷ್ಟು ಶಕ್ತಿ ಇದೆ ಅಂತ ಜನರಿಗೆ ಮೊದಲು ಗೊತ್ತಾದದ್ದು ಆಗಲೇ ಇರಬೇಕು.

1995ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಭೈರೋನ್ ಸಿಂಗ್ ಶೇಖಾವತ್ ವಿಧಾನಸಭೆಯಲ್ಲಿ ಒಂದು ಮಾತು ಕೊಟ್ಟರು, ಪಂಚಾಯ್ತಿ ಕಾಮಗಾರಿಗಳ ದಾಖಲೆಯ ಪ್ರತಿ ಜನರಿಗೆ ಸಿಗುತ್ತದೆ ಅಂತ. ವರ್ಷ ಕಳೆದರೂ ಆದೇಶ ಬರಲಿಲ್ಲ. 1996ರ ಏಪ್ರಿಲ್‌ನಲ್ಲಿ ಬ್ಯಾವರ್ ಪಟ್ಟಣದ ಚಾಂಗ್ ಗೇಟ್ ಹತ್ತಿರ ಧರಣಿ ಕೂತರು. 40 ದಿನ! ಊರಿನ ಅಂಗಡಿಯವರು, ತರಕಾರಿ ಮಾರುವವರು ಧರಣಿಯವರಿಗೆ ಊಟದ ಸಾಮಾನು ಕೊಟ್ಟರು. ಮುಂದಿನ ವರ್ಷ ಜೈಪುರದಲ್ಲಿ 53 ದಿನದ ಧರಣಿ. ಅದರ ಕೊನೆಯಲ್ಲಿ ಸರ್ಕಾರ ಹೇಳಿದ್ದೇನು ಗೊತ್ತಾ? ನಕಲು ಪಡೆಯುವ ಹಕ್ಕನ್ನು ಆರು ತಿಂಗಳ ಹಿಂದೆಯೇ ಗೆಜೆಟ್‌ನಲ್ಲಿ ಹಾಕಿದ್ದೇವೆ ಅಂತ. ಮಾಹಿತಿಯ ಹಕ್ಕು ಕೊಟ್ಟಿದ್ದೇವೆ ಅನ್ನುವ ಮಾಹಿತಿಯನ್ನೇ ಮುಚ್ಚಿಟ್ಟಿದ್ದರು. ಬಿಸಿಲಲ್ಲಿ 53 ದಿನ ಕೂತವರನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಆ ಹೋರಾಟದ ಘೋಷಣೆ 'ಹಮಾರಾ ಪೈಸಾ, ಹಮಾರಾ ಹಿಸಾಬ್'. ನಮ್ಮ ದುಡ್ಡು, ನಮ್ಮ ಲೆಕ್ಕ. ಸಂಘಟನೆಯ ಒಬ್ಬ ಹೆಣ್ಣುಮಗಳನ್ನು ದೆಹಲಿಯಲ್ಲಿ ಪತ್ರಕರ್ತರು, ನಿಮಗೆ ಯಾಕೆ ಈ ಮಾಹಿತಿ ಹಕ್ಕು ಅಂತ ಕೇಳಿದರಂತೆ. ಮಗನಿಗೆ ಹತ್ತು ರೂಪಾಯಿ ಕೊಟ್ಟು ಅಂಗಡಿಗೆ ಕಳಿಸಿದರೆ ಬಂದ ಮೇಲೆ ಲೆಕ್ಕ ಕೇಳುತ್ತೇನೆ, ನನ್ನ ಹೆಸರಿನಲ್ಲಿ ಕೋಟಿಗಟ್ಟಲೆ ಖರ್ಚು ಮಾಡುವ ಸರ್ಕಾರವನ್ನು ಕೇಳಬಾರದಾ ಅನ್ನುವ ಅರ್ಥದ ಉತ್ತರ ಕೊಟ್ಟರು. ಸುಪ್ರೀಂ ಕೋರ್ಟ್ 1975ರಲ್ಲಿ, ರಾಜ್ ನಾರಾಯಣ್ ಮೊಕದ್ದಮೆಯಲ್ಲಿ, ಹೆಚ್ಚುಕಮ್ಮಿ ಇದನ್ನೇ ಹೇಳಿತ್ತು. ಸಾರ್ವಜನಿಕ ಅಧಿಕಾರದಲ್ಲಿ ಇರುವವರು ಸಾರ್ವಜನಿಕವಾಗಿ ಮಾಡುವ ಪ್ರತಿಯೊಂದನ್ನೂ ತಿಳಿಯುವ ಹಕ್ಕು ಜನರಿಗಿದೆ ಅಂತ. ಕೋರ್ಟಿನ ಮಾತು ಪುಸ್ತಕದಲ್ಲಿತ್ತು. ಅದನ್ನು ಬೀದಿಗೆ ತಂದವರು ಈ ಹೆಂಗಸರು.

ಆಮೇಲಿನದು ನಿಮಗೆ ಗೊತ್ತಿರುವುದೇ, ಬೇಗ ಹೇಳಿ ಮುಗಿಸುತ್ತೇನೆ. ತಮಿಳುನಾಡು ಮತ್ತು ಗೋವಾ 1997ರಲ್ಲೇ ರಾಜ್ಯ ಮಟ್ಟದ ಕಾಯ್ದೆ ತಂದವು. ನಮ್ಮ ಕರ್ನಾಟಕವೂ ರಾಜಸ್ಥಾನವೂ 2000ದಲ್ಲಿ ತಂದವು. ಇಡೀ ದೇಶಕ್ಕೆ ಮಾಹಿತಿ ಹಕ್ಕು ಕಾಯ್ದೆ 2005ರ ಅಕ್ಟೋಬರ್ 12ರಿಂದ ಪೂರ್ತಿ ಜಾರಿಗೆ ಬಂತು. ಅದೇ ವರ್ಷ ಬಂದ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಕಲಂ ಗ್ರಾಮಸಭೆಗೇ ಸಾಮಾಜಿಕ ಪರಿಶೋಧನೆಯ, ಅಂದರೆ ಕಾಮಗಾರಿಯ ಲೆಕ್ಕವನ್ನು ಜನರೇ ಪರಿಶೀಲಿಸುವ ಅಧಿಕಾರ ಕೊಟ್ಟಿತು. ಆಂಧ್ರಪ್ರದೇಶ 2009ರಲ್ಲಿ ಇದಕ್ಕೇ ಒಂದು ಪ್ರತ್ಯೇಕ ಸಂಸ್ಥೆ ಕಟ್ಟಿತು. ಮೇಘಾಲಯ 2017ರಲ್ಲಿ ಸಾಮಾಜಿಕ ಪರಿಶೋಧನೆಗೆ ತನ್ನದೇ ಕಾಯ್ದೆ ಮಾಡಿದ ಮೊದಲ ರಾಜ್ಯ ಆಯಿತು. ಕೋಟ್ ಕಿರಾನಾದ ಪೆಂಡಾಲು ಸಂಸತ್ತಿನವರೆಗೆ ಹೋಗಿ ಮತ್ತೆ ಹಳ್ಳಿಗೆ ಬಂತು ಅನ್ನಬಹುದು.

ಈಗ ಈ ಕೆಲಸ ನೆಲದ ಮೇಲೆ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇಲ್ಲಿ ಸುಮಾರು ಜನ ಯುವಕರು ಕೂತಿದ್ದೀರಿ, ಇದು ನಿಮಗೆ.

ಮೊದಲು ಕಾಗದ. ಎನ್‌ಎಂಆರ್, ಅಳತೆ ಪುಸ್ತಕ, ಸಾಮಗ್ರಿ ಖರೀದಿಯ ಬಿಲ್ಲು, ವೋಚರ್, ಕ್ರಿಯಾಯೋಜನೆ, ಗ್ರಾಮಸಭೆಯ ನಡಾವಳಿ. ಕೇಳಿದಾಗ ಒಂದೊಂದನ್ನೂ ಹೆಸರು ಹಿಡಿದು ಕೇಳಿ. ಎಲ್ಲಾ ದಾಖಲೆ ಕೊಡಿ ಅಂದರೆ ಏನೂ ಸಿಗುವುದಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ ಇರಬೇಕು ಅಂತಿದೆ. 30 ದಿನದಲ್ಲಿ ಉತ್ತರ ಬರಬೇಕು. ಒಬ್ಬರ ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆ ಆದರೆ 48 ಗಂಟೆಯಲ್ಲಿ. ಸಕಾರಣ ಇಲ್ಲದೆ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿ, ಜಾಸ್ತಿ ಅಂದರೆ 25,000 ರೂಪಾಯಿವರೆಗೆ ದಂಡ. ಇದೇ ಕಾಯ್ದೆಯಲ್ಲಿ ಜನ ಅಷ್ಟಾಗಿ ಬಳಸದ ಒಂದು ಹಕ್ಕಿದೆ. ನೀವು ಕಾಮಗಾರಿಯನ್ನೇ ಹೋಗಿ ಪರಿಶೀಲಿಸಬಹುದು, ಅಲ್ಲಿ ಬಳಸಿದ ಸಾಮಗ್ರಿಯ ದೃಢೀಕರಿಸಿದ ಮಾದರಿಯನ್ನೂ ಪಡೆಯಬಹುದು. ಅಂದರೆ ರಸ್ತೆಗೆ ಹಾಕಿದ ಕಾಂಕ್ರೀಟಿನ ಒಂದು ತುಂಡನ್ನು ಕೇಳಿ ಪಡೆಯುವ ಹಕ್ಕು ನಿಮಗಿದೆ.

ಆಮೇಲೆ ಕಾಲು ಸವೆಸುವ ಕೆಲಸ. ಪಟ್ಟಿ ಹಿಡಿದು ಮನೆ ಮನೆಗೆ ಹೋಗಬೇಕು. ಸಂಜೆ ಹೋಗಬೇಕು, ಜನ ಕೆಲಸದಿಂದ ಬಂದಿರುತ್ತಾರೆ. ಬಾಗಿಲಲ್ಲಿ ನಿಂತು ವಿಚಾರಣೆ ಮಾಡಬಾರದು. ಕೂತು, ನೀರು ಕುಡಿದು, ಮಾತಾಡಬೇಕು. ಹೆಂಗಸರ ಹತ್ತಿರ ಹೆಂಗಸರೇ ಮಾತಾಡಿದರೆ ಒಳ್ಳೆಯದು. ಜಾಬ್ ಕಾರ್ಡ್ ಅವರ ಮನೆಯಲ್ಲೇ ಇದೆಯಾ, ಇಲ್ಲಾ ಬೇರೆ ಯಾರದ್ದೋ ಪೆಟ್ಟಿಗೆಯಲ್ಲಿ ಇದೆಯಾ ಅನ್ನುವುದು ಮೊದಲ ಪ್ರಶ್ನೆ. ಕಾರ್ಡೇ ಅವರ ಕೈಯಲ್ಲಿ ಇಲ್ಲ ಅಂದರೆ ಅರ್ಧ ಕಥೆ ಅಲ್ಲೇ ಗೊತ್ತಾಗುತ್ತದೆ. ಟೇಪ್ ಹಿಡಿದು ಚೆಕ್‌ಡ್ಯಾಮಿನ ಉದ್ದ ಅಗಲ ಅಳೆಯಬೇಕು. ಆ ಟೇಪಿನ ಒಂದು ತುದಿಯನ್ನು ಊರಿನವರೇ ಹಿಡಿಯಬೇಕು. ನಾವೇ ಅಳೆದು ನಾವೇ ಬರೆದುಕೊಂಡರೆ ನಮಗೂ ಹಳೆಯ ಎಂಜಿನಿಯರಿಗೂ ವ್ಯತ್ಯಾಸ ಏನು?

ಕೊನೆಗೆ ಓದುವುದು. ಇದೇ ಎಲ್ಲಕ್ಕಿಂತ ಕಷ್ಟ. ವರದಿ ಬರೆದು ಕಚೇರಿಗೆ ಕೊಟ್ಟು ಬರುವುದು ಸುಲಭ, ಅದು ಕಪಾಟಿಗೆ ಹೋಗುತ್ತದೆ. ಸಭೆಯಲ್ಲಿ ಓದಿದ್ದು ಊರಿನ ಬಾಯಿಗೆ ಹೋಗುತ್ತದೆ. ನಮ್ಮ ಪಂಚಾಯ್ತಿಗಳಲ್ಲಿ ಜಮಾಬಂದಿ ಅಂತ ಒಂದು ಇದೆ. ವರ್ಷಕ್ಕೊಮ್ಮೆ ಪಂಚಾಯ್ತಿಯ ಜಮಾ ಖರ್ಚನ್ನು ಜನರ ಎದುರು ಇಟ್ಟು ಪರಿಶೀಲಿಸಬೇಕು. ಇದಕ್ಕೆ 2000ದಲ್ಲೇ ನಿಯಮ ಬಂದಿದೆ. ಎಷ್ಟು ಊರಿನಲ್ಲಿ ಇದು ನಿಜವಾಗಿ ನಡೆಯುತ್ತದೆ? ನಾನು ನೋಡಿದ ಕಡೆಗಳಲ್ಲಿ ಜಾಸ್ತಿ ಸಲ ಹಾಜರಾತಿ ಪುಸ್ತಕದಲ್ಲಿ ಸಹಿ ಹಾಕಿಸಿ, ಒಂದು ಫೋಟೋ ತೆಗೆದು, ಟೀ ಕೊಟ್ಟು ಕಳಿಸುತ್ತಾರೆ. ಕಾನೂನು ಕೊಟ್ಟ ವೇದಿಕೆ ಖಾಲಿ ಬಿದ್ದಿದೆ. ನಾವೇ ಹೋಗಿ ಕೂರದೇ ಇದ್ದರೆ ಅದು ಖಾಲಿಯೇ ಇರುತ್ತದೆ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಜನ ಸೇರಿದರೆ ಸಾಕು, ಎಲ್ಲಾ ಸರಿಹೋಗುತ್ತದೆ ಅಂತ ನಾನು ನಂಬಿದ್ದ ಕಾಲ ಇತ್ತು. ಇಂಡೋನೇಷ್ಯಾದಲ್ಲಿ 600ಕ್ಕೂ ಹೆಚ್ಚು ಹಳ್ಳಿ ರಸ್ತೆಗಳ ಮೇಲೆ ಬೆಂಜಮಿನ್ ಓಲ್ಕೆನ್ ಎಂಬ ಅರ್ಥಶಾಸ್ತ್ರಜ್ಞರು ಒಂದು ಅಧ್ಯಯನ ಮಾಡಿದರು. 2007ರಲ್ಲಿ ಅದು ಪ್ರಕಟವಾಯಿತು. ಕೆಲವು ಹಳ್ಳಿಗಳಲ್ಲಿ ಸರ್ಕಾರಿ ಆಡಿಟ್ ಖಂಡಿತ ಬರುತ್ತದೆ ಅಂತ ಮೊದಲೇ ತಿಳಿಸಿದರು. ಇನ್ನು ಕೆಲವು ಕಡೆ ಲೆಕ್ಕದ ಸಭೆಗೆ ಬನ್ನಿ ಅಂತ ಜನರಿಗೆ ಆಮಂತ್ರಣ ಹಂಚಿದರು. ಆಡಿಟ್ ಬರುವ ಕಡೆ ರಸ್ತೆ ಕೆಲಸದಲ್ಲಿ ಗುಳುಂ ಆಗುವ ದುಡ್ಡು ಶೇಕಡಾ 8 ಅಂಶದಷ್ಟು ಇಳಿಯಿತು. ಬರೀ ಆಮಂತ್ರಣ ಹಂಚಿದ ಕಡೆ ಒಟ್ಟಾರೆ ಹೆಚ್ಚೇನೂ ಬದಲಾಗಲಿಲ್ಲ. ಓದಿದಾಗ ನನಗೆ ಬೇಜಾರಾಯಿತು. ಆಮೇಲೆ ಇನ್ನೊಮ್ಮೆ ಓದಿದೆ. ಆ ಆಡಿಟ್‌ಗಳ ಫಲಿತಾಂಶವನ್ನು ಹಳ್ಳಿಯ ಸಭೆಯಲ್ಲಿ ಎಲ್ಲರ ಮುಂದೆ ಓದುತ್ತಿದ್ದರು! ನಮ್ಮ ಅನುಭವವೂ ಅದೇ. ಜನರ ಕಣ್ಣು ಬೇಕು, ಕಾಗದ ತರಿಸುವ ಸರ್ಕಾರಿ ಅಧಿಕಾರವೂ ಬೇಕು. ಜನರನ್ನು ಸುಮ್ನೆ ಸಭೆಗೆ ಕರೆದು ಕೂರಿಸಿದರೆ ಅವರ ಒಂದು ದಿನದ ಕೂಲಿ ಹೋಗುತ್ತದೆ, ಅಷ್ಟೇ.

ಸಿಕ್ಕಿಬಿದ್ದ ದುಡ್ಡು ವಾಪಸ್ ಬರುವುದು ಇನ್ನೂ ಕಷ್ಟ. ದೇಶದಲ್ಲಿ ಎಲ್ಲಾ ಕಡೆ ಇದೇ ಕಥೆ. ಪರಿಶೋಧನೆಯಲ್ಲಿ ಹಿಡಿದದ್ದರಲ್ಲಿ ವಸೂಲಾಗುವುದು ಸ್ವಲ್ಪವೇ. ಹಿಡಿದುಕೊಟ್ಟ ಮೇಲೆ ಏನೂ ಆಗಲಿಲ್ಲ ಅಂದರೆ ಮುಂದಿನ ವರ್ಷ ಯಾವ ಮುಖ ಇಟ್ಟುಕೊಂಡು ಜನರನ್ನು ಕರೆಯುವುದು?

ಇನ್ನು ಭಯದ ವಿಷಯ. ಇದನ್ನು ಮುಚ್ಚಿಟ್ಟು ಯುವಕರನ್ನು ಈ ಕೆಲಸಕ್ಕೆ ಕರೆಯುವುದು ತಪ್ಪು.

2003ರಲ್ಲಿ ಹೆದ್ದಾರಿ ಕಾಮಗಾರಿಯ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದ ಎಂಜಿನಿಯರ್ ಸತ್ಯೇಂದ್ರ ದುಬೆ ಅವರನ್ನು ಗಯಾದಲ್ಲಿ ಕೊಂದರು. 2008ರ ಮೇ ತಿಂಗಳಲ್ಲಿ ಜಾರ್ಖಂಡಿನ ಪಲಾಮು ಜಿಲ್ಲೆಯಲ್ಲಿ ಉದ್ಯೋಗ ಖಾತ್ರಿಯ ಸಾಮಾಜಿಕ ಪರಿಶೋಧನೆಗೆ ತಯಾರಿ ನಡೆಸಿದ್ದ ಲಲಿತ್ ಮೆಹ್ತಾ ಅವರನ್ನು ಕೊಂದರು. 2010ರ ಜುಲೈನಲ್ಲಿ ಗಿರ್ ಕಾಡಿನ ಸುತ್ತ ಅಕ್ರಮ ಗಣಿಗಾರಿಕೆ ವಿರುದ್ಧ ಹೋರಾಡುತ್ತಿದ್ದ ಅಮಿತ್ ಜೇಠ್ವಾ ಅವರನ್ನು ಗುಜರಾತ್ ಹೈಕೋರ್ಟಿನ ಎದುರಿಗೇ ಗುಂಡಿಟ್ಟು ಕೊಂದರು. ಅಕ್ರಮ ಬಯಲು ಮಾಡುವವರ ರಕ್ಷಣೆಗೆ ಸಂಸತ್ತು 2014ರಲ್ಲಿ ಕಾಯ್ದೆ ಮಾಡಿತು. ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಜಾರಿಗೆ ತರುವ ಅಧಿಸೂಚನೆಗಾಗಿ ವರ್ಷಗಟ್ಟಲೆ ಕಾದದ್ದೇ ಬಂತು. ಭ್ರಷ್ಟಾಚಾರದ ವಿರುದ್ಧದ ಕೆಲಸ ಮಾನವ ಹಕ್ಕಿನ ಕೆಲಸವೂ ಹೌದು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಲೆಕ್ಕ ಕೇಳಿದವರ ಜೀವ ಉಳಿಯದೇ ಇದ್ದರೆ ಲೆಕ್ಕ ಕೇಳುವ ಕಾಯ್ದೆ ಇದ್ದೂ ಇಲ್ಲದ ಹಾಗೆ.

ಲಲಿತ್ ಅವರ ಕೊಲೆಯ ನಂತರ ಪಲಾಮುವಿನ ಪರಿಶೋಧನೆ ನಿಲ್ಲಲಿಲ್ಲ. ಅದೇ ತಿಂಗಳು ಗೆಳೆಯರು, ವಿದ್ಯಾರ್ಥಿಗಳು, ಹಳ್ಳಿಯ ಜನ ಸೇರಿ ಮುಗಿಸಿದರು. ಇದು ನೆನಪಿರಲಿ.

ದೊಡ್ಡ ಹಿಂಸೆ ಪೇಪರಿಗೆ ಬರುತ್ತದೆ. ಸಣ್ಣದು ಬರುವುದಿಲ್ಲ. ನಮ್ಮ ಅವ್ವನ ಆರು ದಿನದ ಕೂಲಿ ಕೆಲವು ತಿಂಗಳ ಮೇಲೆ ಬಂತು. ಆದರೆ ಮುಂದಿನ ಬೇಸಿಗೆಯಲ್ಲಿ ಅವರಿಗೆ ಕೆಲಸವೇ ಸಿಗಲಿಲ್ಲ. ಕೇಳಿದರೆ, "ಕೆಲಸ ಬಂದಿಲ್ಲವ್ವಾ, ಬಂದಾಗ ಹೇಳತೀವಿ" ಅನ್ನುತ್ತಿದ್ದರಂತೆ. ಆಗ ಅವರ ಓಣಿಯ ಹದಿನಾಲ್ಕು ಹೆಂಗಸರು ಒಟ್ಟಿಗೆ ಪಂಚಾಯ್ತಿಗೆ ಹೋದರು. ಕೆಲಸ ಬೇಕು ಅಂತ ನಮೂನೆ 6ರಲ್ಲಿ ಅರ್ಜಿ ಬರೆದು, ತಾರೀಕು ಹಾಕಿದ ರಸೀದಿ ಕೊಡುವವರೆಗೆ ನಾವು ಏಳುವುದಿಲ್ಲ ಅಂತ ಅಲ್ಲೇ ಕೂತರು. ರಸೀದಿ ಸಿಕ್ಕರೆ ಆಟ ಬದಲಾಗುತ್ತಿತ್ತು. 15 ದಿನದಲ್ಲಿ ಕೆಲಸ ಕೊಡಬೇಕು, ಇಲ್ಲದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಅಂತ ಕಾಯ್ದೆಯಲ್ಲಿತ್ತು. ಮಧ್ಯಾಹ್ನ ಮೂರಕ್ಕೆ ರಸೀದಿ ಬಂತು. ಆ ರಸೀದಿಯನ್ನು ಅವ್ವ ಎಲೆ ಅಡಿಕೆ ಚೀಲದಲ್ಲಿ ಮಡಚಿ ಇಟ್ಟುಕೊಂಡಿದ್ದನ್ನು ನಾನು ನೋಡಿದ್ದೇನೆ.

ಅವರು ಒಬ್ಬರೇ ಹೋಗಿದ್ದರೆ? ಅದಕ್ಕೇ ಸಮುದಾಯ ಅನ್ನುವುದು. ಒಬ್ಬರ ಹೆಸರಿನ ಅರ್ಜಿ ಒಬ್ಬರ ತಲೆಗೆ ಬರುತ್ತದೆ. ಹದಿನಾಲ್ಕು ಜನರ ಹೆಸರಿನ ಅರ್ಜಿಯಲ್ಲಿ ಯಾರನ್ನು ಗುರಿ ಮಾಡುವುದು?

ತಂತ್ರಜ್ಞಾನದ ಬಗ್ಗೆ ಎರಡೇ ಮಾತು. ಎಲ್ಲಾ ಆನ್‌ಲೈನ್ ಆದರೆ ಕಳ್ಳತನ ನಿಲ್ಲುತ್ತದೆ ಅಂತ ಹೇಳುತ್ತಲೇ ಇದ್ದಾರೆ. ಕೆಲವು ಕಡೆ ಉಪಯೋಗ ಆಗಿದೆ, ನಾನು ಇಲ್ಲ ಅನ್ನುವುದಿಲ್ಲ. ರಾಜಸ್ಥಾನದಲ್ಲಿ 2019ರಲ್ಲಿ ಶುರುವಾದ ಜನ ಸೂಚನಾ ಪೋರ್ಟಲ್‌ನಲ್ಲಿ ಕೇಳದೆಯೇ ಎಷ್ಟೋ ಮಾಹಿತಿ ಸಿಗುತ್ತದೆ. ಆದರೆ 2023ರಿಂದ ಉದ್ಯೋಗ ಖಾತ್ರಿಯ ಹಾಜರಿಗೆ ಮೊಬೈಲ್ ಫೋಟೋ ಕಡ್ಡಾಯ ಮಾಡಿದರು. ಏನಾಯಿತು? ಫೋಟೋದ ಫೋಟೋ ತೆಗೆದು ಹಾಕುವುದು, ಸಂಬಂಧವೇ ಇಲ್ಲದ ಫೋಟೋ ಹಾಕುವುದು ಶುರುವಾಯಿತು. ಕೇಂದ್ರ ಸಚಿವಾಲಯವೇ 2025ರಲ್ಲಿ ಇದನ್ನು ಒಪ್ಪಿ ಸುತ್ತೋಲೆ ಕಳಿಸಬೇಕಾಯಿತು. ಇನ್ನೊಂದು ಕಡೆ, ಜೀವನವಿಡೀ ಕಲ್ಲು ಮಣ್ಣು ಹೊತ್ತ ಬೆರಳು ಸವೆದಿರುತ್ತದೆ. ಪಡಿತರದ ಅಂಗಡಿಯ ಯಂತ್ರ ಅದನ್ನು ಗುರುತಿಸುವುದಿಲ್ಲ. ಅವತ್ತು ಅವ್ವನ ಹೆಸರಿನಲ್ಲಿ ಬೇರೆ ಯಾರದೋ ಹೆಬ್ಬೆಟ್ಟು ನಡೆಯಿತು. ಇವತ್ತು ಅವರದ್ದೇ ಹೆಬ್ಬೆಟ್ಟು ಅವರ ಹೆಸರಿಗೆ ನಡೆಯುವುದಿಲ್ಲ. ಯಂತ್ರದ ಹತ್ತಿರ ಕೂತು ಅದನ್ನು ಪ್ರಶ್ನೆ ಮಾಡುವ ಸಭೆ ಯಾವುದು?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಿಂದಲೂ ನನಗೆ ದಿಗಿಲಾಗಿದೆ. ಅದು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಂ ಅನ್ನು ತಿದ್ದಿದೆ. ವೈಯಕ್ತಿಕ ಮಾಹಿತಿ ಅನ್ನುವ ಒಂದೇ ಮಾತು ಹೇಳಿ ದಾಖಲೆ ನಿರಾಕರಿಸಲು ದಾರಿ ಅಗಲ ಆಗಿದೆ. ಖಾಸಗಿತನ ದೊಡ್ಡ ಹಕ್ಕು, ಅದರ ಬಗ್ಗೆ ತಕರಾರಿಲ್ಲ. ಆದರೆ ಹಾಜರಿ ಪಟ್ಟಿಯಲ್ಲಿರುವ ಹೆಸರುಗಳೇ ವೈಯಕ್ತಿಕ ಅಂತಾದರೆ ನಾವು ಗುಡಿ ಕಟ್ಟೆಯ ಮೇಲೆ ಏನು ಓದುವುದು? ಹೆಸರು ಅಳಿಸಿದ ಪಟ್ಟಿಯಲ್ಲಿ ಸತ್ತವರೂ ಕಾಣುವುದಿಲ್ಲ, ಗುಳೆ ಹೋದವರೂ ಕಾಣುವುದಿಲ್ಲ.

ನನ್ನ ಮಾತು ಇಷ್ಟು. ಈಗ ನೀವು ಕೇಳಿ.

*

ಮೊದಲ ಪ್ರಶ್ನೆ ಒಬ್ಬ ಯುವಕರದ್ದು. "ಸರ್, ದೊಡ್ಡ ಹೋರಾಟ ಎಲ್ಲಾ ಸರಿ. ನನ್ನ ಒಂದು ಸರ್ಟಿಫಿಕೇಟಿಗೆ ಐನೂರು ಕೇಳ್ತಾರೆ. ಕೊಡದೆ ಇದ್ದರೆ ಅಲೆದಾಟ. ನಾನೇನು ಮಾಡಲಿ?"

ನಿಮ್ಮನ್ನು ಬೈಯುವ ಹಕ್ಕು ನನಗಿಲ್ಲ. ಅಲೆದಾಟದ ಬಸ್ ಚಾರ್ಜೇ ಐನೂರು ದಾಟುತ್ತದೆ ಅಂತ ಗೊತ್ತು. ಆದರೆ ಎರಡು ವಿಷಯ ತಿಳಿದಿರಲಿ. ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ಕರ್ನಾಟಕದ ಸಕಾಲ ಕಾಯ್ದೆ 2011ರದ್ದು. ಅದರಲ್ಲಿ ಬರುವ ಸೇವೆ ಆದರೆ ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, 500ರವರೆಗೆ ಪರಿಹಾರ ಇದೆ. ಪರಿಹಾರದ ದುಡ್ಡಿಗಿಂತ ಆ ಸಂಖ್ಯೆ ಮುಖ್ಯ. ಸಂಖ್ಯೆ ಇಲ್ಲದ ಅರ್ಜಿ ಕಳೆದುಹೋಗುತ್ತದೆ, ಸಂಖ್ಯೆ ಇರುವುದಕ್ಕೆ ಯಾರಾದರೂ ಉತ್ತರ ಹೇಳಲೇಬೇಕು. ಎರಡನೆಯದು, 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆ ತಿದ್ದುಪಡಿ ಆಗಿ ಲಂಚ ಕೊಡುವುದೂ ಅಪರಾಧ ಆಗಿದೆ. ಆದರೆ ಒತ್ತಾಯಕ್ಕೆ ಸಿಕ್ಕಿ ಕೊಟ್ಟವರು 7 ದಿನದ ಒಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಅವರಿಗೆ ರಕ್ಷಣೆ ಇದೆ. ಆ ಏಳು ದಿನ ಮರೆಯಬೇಡಿ. ಮತ್ತೆ, ಒಬ್ಬರೇ ಹೋಗಬೇಡಿ. ನಿಮ್ಮ ಹಾಗೆ ಅದೇ ಸರ್ಟಿಫಿಕೇಟಿಗೆ ಅಲೆಯುವ ಐದು ಜನರನ್ನು ಅದೇ ಕಚೇರಿಯ ಬೆಂಚಿನ ಮೇಲೆ ಹುಡುಕಿ. ಖಂಡಿತ ಸಿಗುತ್ತಾರೆ.

ಎರಡನೇ ಪ್ರಶ್ನೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿಯದು. "ನಮ್ಮ ಮೆಂಬರ್ ನಮ್ಮ ಅಣ್ಣನ ಮಗನೇ. ಹಬ್ಬಕ್ಕೆ ನಮ್ಮ ಮನೆಗೇ ಊಟಕ್ಕೆ ಬರ್ತಾನೆ. ಅವನನ್ನು ಹೇಗಪ್ಪಾ ಕೇಳೋದು?"

ಅಮ್ಮಾ, ಇಡೀ ಸಂಜೆಯಲ್ಲಿ ಇದೇ ಕಷ್ಟದ ಪ್ರಶ್ನೆ. ಕಾನೂನು ಪುಸ್ತಕದಲ್ಲಿ ಇದಕ್ಕೆ ಕಲಂ ಇಲ್ಲ. ನಾನು ನೋಡಿದ ಒಂದು ಉಪಾಯ ಹೇಳುತ್ತೇನೆ. ಸಭೆಯಲ್ಲಿ ಯಾರನ್ನೂ ಕಳ್ಳ ಅನ್ನಬೇಡಿ. ಕಾಗದ ಓದಿ, ಅಷ್ಟೇ. ಇಂಥ ಚರಂಡಿಗೆ ಇಷ್ಟು ಮೀಟರ್, ಇಷ್ಟು ದುಡ್ಡು ಅಂತ ಬರೆದಿದೆ. ಬನ್ನಿ, ಹೋಗಿ ನೋಡೋಣ. ನಿಮ್ಮ ಅಣ್ಣನ ಮಗನೂ ಜೊತೆಗೆ ನಡೆಯಲಿ, ಟೇಪಿನ ತುದಿ ಅವನೇ ಹಿಡಿಯಲಿ. ಸರಿ ಇದ್ದರೆ ಅವನ ಮರ್ಯಾದೆ ಹೆಚ್ಚುತ್ತದೆ. ಸರಿ ಇಲ್ಲದಿದ್ದರೆ ಹೇಳಿದ್ದು ನೀವಲ್ಲ, ಟೇಪು. ಪಟ್ಟಿಯ ಓದನ್ನು ನಿಮ್ಮ ಸ್ವಂತ ಮನೆಯವರ ಹೆಸರಿನಿಂದಲೇ ಶುರು ಮಾಡಿ. ಮೊದಲು ನಮ್ಮ ಮನೆಗೆ ಬಂದ ಸೌಲಭ್ಯ ಏನು ಅಂತ ನೀವೇ ಎದ್ದು ಹೇಳಿ. ಆಮೇಲೆ ಮುಂದಿನ ಹೆಸರು ಓದಿದರೆ ಯಾರೂ ದ್ವೇಷ ಅನ್ನುವುದಿಲ್ಲ.

ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ನನಗೆ ಅಷ್ಟು ಓದೋಕೆ ಬರಲ್ಲ" ಅಂದರು. ಪಕ್ಕದಲ್ಲಿ ಕೂತಿದ್ದ, ಪಿಯುಸಿ ಓದುವ ಮೊಮ್ಮಗಳು ಅವರ ಸೆರಗು ಹಿಡಿದು ಎಳೆದು, "ಅಜ್ಜಿ, ನಾನು ಓದ್ತೀನಿ" ಅಂದಳು. ಸಭೆ ಮುಗಿದ ಮೇಲೆ ಇಬ್ಬರೂ ನನ್ನ ಹತ್ತಿರ ಬಂದರು. ಅರ್ಜಿಯ ನಮೂನೆ ಬರೆದುಕೊಂಡು, ಜಮಾಬಂದಿಗೆ ಯಾವ ಯಾವ ಪುಸ್ತಕ ಕೇಳಬೇಕು ಅಂತ ಆ ಹುಡುಗಿ ಅಂಗೈ ಮೇಲೆ ಪೆನ್ನಿನಿಂದ ಪಟ್ಟಿ ಮಾಡಿಕೊಂಡಳು.